ಡಿಸಿಎಫ್77 ರಿಸೀವರ್: ಕೋಡ್ ಬರೆಯುವ ಮುನ್ನ ಪಲ್ಸ್ ನೋಡಿ

#1 ಮೈನ್‌ದಡ

ಜರ್ಮನಿ, ನೆದರ್‌ಲ್ಯಾಂಡ್ಸ್, ಆಸ್ಟ್ರಿಯಾ ಕಡೆ ಇರುವ ನಮ್ಮವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಡಿಸಿಎಫ್77 (ಜರ್ಮನಿಯಿಂದ ರೇಡಿಯೋದಲ್ಲಿ ಬರುವ ಸಮಯದ ಸಂಕೇತ) ಹಿಡಿಯುವ ಮಾಡ್ಯೂಲ್ ತಂದು ಆರ್ಡುಯಿನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಜೋಡಿಸಿ ಲೈಬ್ರರಿ ಹಾಕಿದ್ದಾಯಿತು, ಗಂಟೆಗಟ್ಟಲೆ ಕಾದರೂ ಸಮಯ ಬರುತ್ತಿಲ್ಲ, ಏಕೆ? ಬಹುತೇಕ ಸಲ ತೊಂದರೆ ಕೋಡಿನಲ್ಲಿ ಇರುವುದೇ ಇಲ್ಲ. ಆಂಟೆನಾ, ಪವರ್ ಸಪ್ಲೈ, ಮಾಡ್ಯೂಲಿನ ಔಟ್‌ಪುಟ್ ಪಿನ್, ಈ ಮೂರರಲ್ಲಿ ಒಂದರಲ್ಲಿ ಇರುತ್ತದೆ. ಆದ್ದರಿಂದ ಈ ಎಳೆಯಲ್ಲಿ ಕೋಡಿನ ಮಾತು ಆಮೇಲೆ.

ಮೊದಲು ಸಂಕೇತದ ಸ್ವರೂಪ. ಫ್ರಾಂಕ್‌ಫರ್ಟಿನ ಆಗ್ನೇಯಕ್ಕೆ ಸುಮಾರು 25 ಕಿ.ಮೀ. ದೂರದ ಮೈನ್‌ಫ್ಲಿಂಗನ್‌ನಿಂದ 50 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಹಗಲೂ ರಾತ್ರಿ 77.5 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಸಮಯದ ಹೊಣೆ ಬ್ರೌನ್‌ಶ್ವೈಗ್‌ನ ಪಿಟಿಬಿ ಎಂಬ ರಾಷ್ಟ್ರೀಯ ಮಾಪನ ಸಂಸ್ಥೆಯದು. ನಿಲ್ದಾಣ ಶುರುವಾದದ್ದು 1959ರಲ್ಲಿ, ದಿನಾಂಕ ಮತ್ತು ಸಮಯದ ಕೋಡ್ ಸೇರಿದ್ದು 1973ರಲ್ಲಿ. ಪ್ರತಿ ಸೆಕೆಂಡಿನ ಆರಂಭಕ್ಕೆ ಕ್ಯಾರಿಯರ್‌ನ (ಪ್ರಸಾರದ ಮೂಲ ಅಲೆಯ) ಆಂಪ್ಲಿಟ್ಯೂಡ್ ಸುಮಾರು 15%ಕ್ಕೆ ಇಳಿಯುತ್ತದೆ. ಆ ಇಳಿತ 100 ಮಿಲಿಸೆಕೆಂಡ್ ಇದ್ದರೆ 0, 200 ಇದ್ದರೆ 1. 59ನೇ ಸೆಕೆಂಡಿನಲ್ಲಿ ಇಳಿತ ಇಲ್ಲ. ಅದರ ನಂತರದ ಮೊದಲ ಇಳಿತ ಬಂದ ಕ್ಷಣವೇ ಹೊಸ ನಿಮಿಷ.

ಈಗ ಪರೀಕ್ಷೆ. ಎರಡು ಡಬಲ್ ಎ ಸೆಲ್ (3 ವೋಲ್ಟ್), ರಿಸೀವರ್ ಮಾಡ್ಯೂಲ್, ಒಂದು 74ಎಚ್‌ಸಿ14 (ಆರು ಇನ್ವರ್ಟರ್ ಗೇಟುಗಳ ಚಿಪ್), 1 ಕಿಲೋಓಮ್ ರೆಸಿಸ್ಟರ್, ಒಂದು ಎಲ್‌ಇಡಿ. ಮಾಡ್ಯೂಲಿನ ಔಟ್‌ಪುಟ್ 74ಎಚ್‌ಸಿ14ರ ಒಂದು ಗೇಟಿಗೆ, ಗೇಟಿನ ಔಟ್‌ಪುಟ್‌ನಿಂದ ರೆಸಿಸ್ಟರ್ ಮೂಲಕ ಎಲ್‌ಇಡಿಗೆ. ಬಳಸದ ಐದು ಗೇಟುಗಳ ಇನ್‌ಪುಟ್‌ಗಳನ್ನು ಗ್ರೌಂಡ್ ಮಾಡಿ. ಲ್ಯಾಪ್‌ಟಾಪ್, ಚಾರ್ಜರ್, ಎಲ್‌ಇಡಿ ಬಲ್ಬುಗಳಿಂದ ಎರಡು ಮೀಟರ್ ದೂರ, ಕಿಟಕಿ ಹತ್ತಿರ ಇಡಿ. ಸೆಕೆಂಡಿಗೊಂದರಂತೆ ತಪ್ಪದೆ ಮಿನುಗಬೇಕು, ನಿಮಿಷಕ್ಕೊಮ್ಮೆ ಒಂದು ಬಿಟ್ಟುಹೋಗಬೇಕು, ಚಿಕ್ಕ ಮಿನುಗು ಮತ್ತು ದೊಡ್ಡ ಮಿನುಗಿನ ವ್ಯತ್ಯಾಸ ಕಣ್ಣಿಗೇ ಕಾಣಬೇಕು. ಇದು ಆಗುವ ತನಕ ಮೈಕ್ರೋಕಂಟ್ರೋಲರ್ ಮುಟ್ಟಬೇಡಿ.

#2 ಕೆಪಾಸಿಟರ್ ಕಾಕ

ಎಲ್‌ಇಡಿಯನ್ನು ನೇರ ಔಟ್‌ಪುಟ್‌ಗೆ ಹಾಕಬಾರದೇ? ಗೇಟ್ ಯಾಕೆ ಬೇಕು? ಇನ್ನೊಂದು ಪ್ರಶ್ನೆ: 5 ವೋಲ್ಟ್‌ನ ಆರ್ಡುಯಿನೋ ಊನೋ ಬೋರ್ಡಿಗೆ ಜೋಡಿಸಿ ಒಳಗಿನ ಪುಲ್‌ಅಪ್ (ಪಿನ್ನನ್ನು ಹೈ ಕಡೆಗೆ ಎಳೆದಿಡುವ ರೆಸಿಸ್ಟರ್) ಆನ್ ಮಾಡಿದರೆ ಪಿನ್ ಸದಾ ಹೈ ತೋರಿಸುತ್ತದೆ. ಆಫ್ ಮಾಡಿದರೆ ಏನೇನೋ ಬರುತ್ತದೆ.

#3 ಮೈನ್‌ದಡ

ಎರಡಕ್ಕೂ ಉತ್ತರ ಒಂದೇ. ಎಂಎಎಸ್6180 ಥರದ ಚಿಪ್ ಇರುವ ಮಾಡ್ಯೂಲಿನ ಔಟ್‌ಪುಟ್ ಕೊಡಬಲ್ಲ ಕರೆಂಟ್ 5 ಮೈಕ್ರೋಆಂಪಿಯರ್ ಆಸುಪಾಸು. ಎಲ್‌ಇಡಿ ಅದಕ್ಕೆ ಉರಿಯದು. ಊನೋದ ಒಳಗಿನ ಪುಲ್‌ಅಪ್ 20ರಿಂದ 50 ಕಿಲೋಓಮ್. ಅದನ್ನು ಕೆಳಗೆ ಎಳೆಯಲು 100 ಮೈಕ್ರೋಆಂಪಿಯರ್‌ಗಿಂತ ಹೆಚ್ಚು ಬೇಕು. ಪಾಪ, ಆ ಪಿನ್‌ಗೆ ಅಷ್ಟು ಶಕ್ತಿ ಇಲ್ಲ, ಹಾಗಾಗಿ ಸದಾ ಹೈ.

ಪುಲ್‌ಅಪ್ ತೆಗೆದರೆ ಇನ್ನೊಂದು ತಕರಾರು. 5 ವೋಲ್ಟ್‌ನಲ್ಲಿ ಓಡುವ ಎಟಿಮೆಗಾ328 (ಊನೋದ ಮೈಕ್ರೋಕಂಟ್ರೋಲರ್) ಒಂದು ಪಿನ್ನನ್ನು ಖಚಿತವಾಗಿ ಹೈ ಎಂದು ಓದಲು 3 ವೋಲ್ಟ್ ಬೇಕು. ಮಾಡ್ಯೂಲ್ 3 ವೋಲ್ಟ್‌ನಲ್ಲಿದ್ದರೆ ಅಂಚಿನ ಮೇಲೆ ಕೂತಂತಾಯಿತು. ಮಾಡ್ಯೂಲಿನ ಚಿಪ್‌ನ ಗರಿಷ್ಠ ವೋಲ್ಟೇಜ್ 3.6, ಆದ್ದರಿಂದ ಅದಕ್ಕೆ 5 ವೋಲ್ಟ್ ಕೊಡಲೂ ಆಗದು. 3.3 ವೋಲ್ಟ್‌ನ ಬೋರ್ಡ್ ಬಳಸಿ. ಇಲ್ಲವಾದರೆ ನಡುವೆ 74ಎಚ್‌ಸಿಟಿ14 ಅನ್ನು 5 ವೋಲ್ಟ್‌ನಲ್ಲಿ ಹಾಕಿ, ಎಚ್‌ಸಿಟಿ ಜಾತಿಯದು 2 ವೋಲ್ಟ್ ಆಸುಪಾಸಿಗೇ ಹೈ ಎಂದು ಹಿಡಿಯುತ್ತದೆ.

#4 ಟ್ವೆಂಟೆ ತಂತಿ

ಒಂದು ತಿದ್ದುಪಡಿ ಸೇರಿಸಿ ಸರ್. ಹಳೆಯ ಕೆಲವು ಮಾಡ್ಯೂಲ್‌ಗಳಲ್ಲಿ ಓಪನ್ ಕಲೆಕ್ಟರ್ ಔಟ್‌ಪುಟ್ (ಲೋಗೆ ಮಾತ್ರ ಎಳೆಯಬಲ್ಲದ್ದು) ಇದೆ. ಅವಕ್ಕೆ 10 ಕಿಲೋಓಮ್ ಪುಲ್‌ಅಪ್ ಬೇಕೇ ಬೇಕು, ಹಾಕದಿದ್ದರೆ ಸದಾ ಲೋ. ಯಾವ ಜಾತಿ ಎಂದು ಗೊತ್ತಿಲ್ಲದಿದ್ದರೆ ಮೊದಲು 1 ಮೆಗಾಓಮ್ ಪುಲ್‌ಅಪ್ ಹಾಕಿ ನೋಡಿ. ಅದು ಎಳೆಯುವುದು 3 ಮೈಕ್ರೋಆಂಪಿಯರ್ ಮಾತ್ರ, ಎರಡೂ ಜಾತಿಗೆ ಅಪಾಯ ಇಲ್ಲ.

ಜೊತೆಗೆ ಚಿಪ್ಪನ್ನು ಆನ್, ಆಫ್ ಮಾಡುವ ಪಿಓಎನ್ ಅಥವಾ ಪಿಡಿಎನ್ ಎಂಬ ಪಿನ್. ಅದನ್ನು ತೇಲಲು ಬಿಟ್ಟವರಿಗೆ ಏನೂ ಬರುವುದಿಲ್ಲ. ನೇರ ಗ್ರೌಂಡ್ ಮಾಡಿದವರಿಗೆ ಬರುತ್ತದೆ, ಆದರೆ ನೆಲೆಗೊಳ್ಳಲು ತುಂಬಾ ಹೊತ್ತು ಹಿಡಿಯುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ಪವರ್ ಬರಲಿ, ಆಗ ಪಿಡಿಎನ್ ಹೈ ಇರಲಿ, ಒಂದು ಸೆಕೆಂಡಿನ ನಂತರ ಅದನ್ನು ಲೋ ಮಾಡಿ. ಹೈನಿಂದ ಲೋಗೆ ಇಳಿಯುವ ಆ ಅಂಚೇ ಚಿಪ್‌ನ ವೇಗದ ಆರಂಭವನ್ನು ಶುರುಮಾಡುವುದು. ಮೈಕ್ರೋಕಂಟ್ರೋಲರ್‌ನ ಒಂದು ಪಿನ್ (ಜಿಪಿಐಒ) ಅದಕ್ಕೇ ಮೀಸಲಿಡಿ.

ಪೋಲಾರಿಟಿಯೂ ಮಾಡ್ಯೂಲಿನಿಂದ ಮಾಡ್ಯೂಲಿಗೆ ಬದಲಾಗುತ್ತದೆ. ಅಳೆದ ಪಲ್ಸ್‌ಗಳೆಲ್ಲ 800 ಅಥವಾ 900 ಮಿಲಿಸೆಕೆಂಡ್ ಬರುತ್ತಿದ್ದರೆ ತಲೆಕೆಳಗಾಗಿ ಓದುತ್ತಿದ್ದೀರಿ ಎಂದರ್ಥ, ಅಷ್ಟೇ.

#5 ಫೆರೈಟ್ ಕಡ್ಡಿ

ಆಂಟೆನಾ ಬಗ್ಗೆ ವಿವರವಾಗಿ ಬರೆಯುತ್ತೇನೆ, ಸೋಲುವುದು ಹೆಚ್ಚಾಗಿ ಇಲ್ಲೇ.

ಆಂಟೆನಾದ ಫೆರೈಟ್ ಕಡ್ಡಿ (ಕಾಯಿಲ್ ಸುತ್ತಿದ ಕಾಂತೀಯ ಕಡ್ಡಿ) ಟ್ರಾನ್ಸ್‌ಮಿಟರ್ ಕಡೆಗೆ ಮುಖ ಮಾಡಬಾರದು, ಅಡ್ಡಲಾಗಿ ಇರಬೇಕು. ಕಡ್ಡಿಯ ತುದಿ ಮೈನ್‌ಫ್ಲಿಂಗನ್ ಕಡೆ ತಿರುಗಿದರೆ ಸಂಕೇತ ಸೊನ್ನೆಯ ಹತ್ತಿರ. ಈ ಸೊನ್ನೆ ಬಹಳ ಚೂಪು, ಗರಿಷ್ಠ ಮಾತ್ರ ಅಗಲ. ಆದ್ದರಿಂದ ಗರಿಷ್ಠಕ್ಕಾಗಿ ಹುಡುಕುವ ಬದಲು ಗದ್ದಲ (ರೇಡಿಯೋ ಅಡಚಣೆ) ಮಾಡುವ ಸಾಧನದ ಕಡೆಗೆ ಕಡ್ಡಿಯ ತುದಿಯನ್ನು ತಿರುಗಿಸಿ. ಸಂಕೇತದಲ್ಲಿ 30% ಕಳೆದುಕೊಂಡರೂ ಗದ್ದಲ ಹತ್ತು ಪಟ್ಟು ಇಳಿಯುತ್ತದೆ ಎಂದಾದರೆ ಲಾಭವೇ.

ಕಡ್ಡಿಯ ಕಾಯಿಲ್ ಮತ್ತು ಕೆಪಾಸಿಟರ್ ಸೇರಿ 77.5 ಕಿಲೋಹರ್ಟ್ಸ್‌ಗೆ ಅನುರಣಿಸಬೇಕು. 2.2 ನ್ಯಾನೋಫ್ಯಾರಡ್‌ಗೆ 1.92 ಮಿಲಿಹೆನ್ರಿ ಬೇಕು, 4.7ಕ್ಕೆ 0.90, 6.8ಕ್ಕೆ 0.62. ಕೆಪಾಸಿಟರ್ ಸಿ0ಜಿ ಅಥವಾ ಪಾಲಿಪ್ರೊಪಿಲೀನ್ ಜಾತಿಯದೇ ಇರಲಿ. ಅಗ್ಗದ ಎಕ್ಸ್7ಆರ್ ಸೆರಾಮಿಕ್ ಹಾಕಿದರೆ ಚಳಿಗೆ, ಬಿಸಿಲಿಗೆ ಟ್ಯೂನಿಂಗ್ ಸರಿದುಹೋಗುತ್ತದೆ.

ಎಷ್ಟು ಸರಿದರೆ ತೊಂದರೆ? ಕಾಯಿಲ್‌ನ ಕ್ಯೂ (ಅನುರಣನ ಎಷ್ಟು ಚೂಪು ಎಂಬ ಅಳತೆ) 100 ಎಂದಿಟ್ಟುಕೊಳ್ಳಿ, ಬ್ಯಾಂಡ್‌ವಿಡ್ತ್ 775 ಹರ್ಟ್ಸ್. ಅನುರಣನ 1% ಸರಿದರೆ ಸಂಕೇತ 7 ಡೆಸಿಬೆಲ್ ಬೀಳುತ್ತದೆ. ಕಡ್ಡಿಯನ್ನು ಬ್ಯಾಟರಿಗೆ, ಲೋಹದ ಪೆಟ್ಟಿಗೆಗೆ, ಪಿಸಿಬಿಯ ಗ್ರೌಂಡ್ ಪ್ಲೇನ್‌ಗೆ ಅಂಟಿಸಿಟ್ಟರೆ ಅಷ್ಟು ಸರಿಯುವುದು ಕಷ್ಟವೇನಲ್ಲ, ಮೇಲಾಗಿ ಕ್ಯೂ ಕೂಡ ಕುಸಿಯುತ್ತದೆ. ಎಲ್ಲ ಕಡೆಯಿಂದ ಕನಿಷ್ಠ 3 ಸೆಂ.ಮೀ. ಖಾಲಿ ಜಾಗ ಬಿಡಿ.

ಟ್ಯೂನ್ ಮಾಡುವಾಗ ಆಸಿಲೋಸ್ಕೋಪ್ ಪ್ರೋಬನ್ನು ನೇರವಾಗಿ ಕಾಯಿಲ್‌ಗೆ ಹಾಕಬೇಡಿ. 10ಎಕ್ಸ್ ಪ್ರೋಬ್‌ನ 15 ಪಿಕೋಫ್ಯಾರಡ್ ಕೂಡ 2.2 ನ್ಯಾನೋಫ್ಯಾರಡ್‌ನ ಸರ್ಕ್ಯೂಟನ್ನು 260 ಹರ್ಟ್ಸ್‌ನಷ್ಟು ಕೆಳಗೆ ಎಳೆಯುತ್ತದೆ. ಜನರೇಟರ್‌ನಿಂದ 10 ಕಿಲೋಓಮ್ ಮೂಲಕ ಎರಡು ಸುತ್ತಿನ ತಂತಿ ಕಡ್ಡಿಯ ಒಂದು ತುದಿಯ ಬಳಿ, ಸ್ಕೋಪಿಗೆ ಇನ್ನೊಂದು ಎರಡು ಸುತ್ತಿನ ತಂತಿ ಇನ್ನೊಂದು ತುದಿಯ ಬಳಿ ಇಡಿ. ಕಾಯಿಲನ್ನು ಕಡ್ಡಿಯ ಮೇಲೆ ಜರುಗಿಸಿ ಗರಿಷ್ಠ ಹಿಡಿಯಿರಿ: ನಡುವಿಗೆ ತಂದರೆ ಇಂಡಕ್ಟನ್ಸ್ ಹೆಚ್ಚು, ಅಂಚಿಗೆ ತಂದರೆ ಕಡಿಮೆ. ಹಿಡಿದ ಮೇಲೆ ಮೇಣ ಹಾಕಿ ಬಿಗಿ ಮಾಡಿ.

#6 ಬಿಟ್20

ಗದ್ದಲದ ಮೂಲಗಳ ಬಗ್ಗೆ ಎರಡು ಮಾತು. ಹಿಂದೆ ಟ್ಯೂಬ್ ಟಿವಿಯ 15.625 ಕಿಲೋಹರ್ಟ್ಸ್‌ನ ಐದನೇ ಹಾರ್ಮೋನಿಕ್ 78.125ರಲ್ಲಿ ಬಿದ್ದು ಕಾಡುತ್ತಿತ್ತು. ಈಗ ಕಾಡುವುದು ಸ್ವಿಚಿಂಗ್ ಸಪ್ಲೈಗಳು, ಎಲ್‌ಇಡಿ ಡ್ರೈವರ್‌ಗಳು, ಮಲ್ಟಿಪ್ಲೆಕ್ಸ್ ಮಾಡಿದ ಡಿಸ್‌ಪ್ಲೇಗಳು. ಗಡಿಯಾರ ಕಟ್ಟುವವರು ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇಯ ಹಿಂದೆಯೇ ಆಂಟೆನಾ ಇಡುತ್ತಾರೆ. ಡಿಸ್‌ಪ್ಲೇ ಆರಿಸಿದಾಗ ಮಾತ್ರ ಸಮಯ ಸಿಗುತ್ತದೆ ಎಂದು ದೂರು ಬರುವುದು ಇಂಥ ಗಡಿಯಾರಗಳಿಂದಲೇ.

ಪರಿಹಾರ: ಮಾಡ್ಯೂಲಿನ ಪವರ್ ಲೈನಿನಲ್ಲಿ 330 ಓಮ್ ಸರಣಿಯಲ್ಲಿ, ನಂತರ ಗ್ರೌಂಡಿಗೆ 100 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್. ಚಿಪ್ ಎಳೆಯುವುದು 100 ಮೈಕ್ರೋಆಂಪಿಯರ್‌ಗಿಂತ ಕಡಿಮೆ, ಆದ್ದರಿಂದ ಬೀಳುವ ವೋಲ್ಟೇಜ್ 33 ಮಿಲಿವೋಲ್ಟ್ ದಾಟದು. ಡೇಟಾ ತಂತಿಯಲ್ಲಿ ಮೈಕ್ರೋಕಂಟ್ರೋಲರ್ ಕಡೆಯ ಗದ್ದಲ ಹಿಂದಕ್ಕೆ ಹರಿಯದಂತೆ 10 ಕಿಲೋಓಮ್ ಸರಣಿಯಲ್ಲಿ ಹಾಕಿ. ಆಂಟೆನಾವನ್ನು ಒಂದು ಮೀಟರ್ ಕೇಬಲ್‌ನಲ್ಲಿ ಹೊರಗೆ ತರುವುದಾದರೆ ಮಾಡ್ಯೂಲ್ ಸಮೇತ ತನ್ನಿ. ಕಾಯಿಲ್ ಮತ್ತು ಚಿಪ್ ನಡುವಿನ ತಂತಿಯನ್ನು ಉದ್ದ ಮಾಡಿದರೆ ಟ್ಯೂನಿಂಗ್ ಹಾಳು.

ದೂರದ ಬಗ್ಗೆ: 500 ಕಿ.ಮೀ. ಒಳಗೆ ನೆಲದ ಅಲೆಯೇ ಪ್ರಧಾನ. ಸುಮಾರು 600ರಿಂದ 1,100 ಕಿ.ಮೀ. ನಡುವೆ ನೆಲದ ಅಲೆ, ಆಕಾಶದ ಅಲೆ (ಮೇಲಿನ ವಾತಾವರಣಕ್ಕೆ ತಾಗಿ ಮರಳುವುದು) ಎರಡೂ ಸರಿಸಮನಾಗಿ ಬಂದು ಒಂದನ್ನೊಂದು ಅಳಿಸಬಹುದು, ಮುಖ್ಯವಾಗಿ ಮುಂಜಾನೆ ಮತ್ತು ಮುಸ್ಸಂಜೆ. ಅಲ್ಲಿರುವವರು ಒಂದು ಕಾಲು ಗಂಟೆ ಸಿಗದಿದ್ದರೆ ಸರ್ಕ್ಯೂಟ್ ಬಿಚ್ಚಬೇಡಿ.

#7 ಕೆಪಾಸಿಟರ್ ಕಾಕ

ಪಲ್ಸ್ ಈಗ ಸ್ಪಷ್ಟವಾಗಿ ಕಾಣುತ್ತಿದೆ. ಡಿಕೋಡ್ ಮಾಡಲು ಅಗಲದ ಮಿತಿ ಎಷ್ಟು ಇಡಬೇಕು? 100 ಬರಬೇಕಾದಲ್ಲಿ 70, 125 ಎಲ್ಲ ಬರುತ್ತಿದೆ.

#8 ಬಿಟ್20

ಅದು ಸಹಜ. ಮಾಡ್ಯೂಲಿನ ಕ್ರಿಸ್ಟಲ್ ಫಿಲ್ಟರ್ ಹತ್ತು ಹರ್ಟ್ಸ್ ಮಟ್ಟದಷ್ಟು ಇಕ್ಕಟ್ಟು, ಹಾಗಾಗಿ ಅಂಚುಗಳು ನಿಧಾನ ಏರುತ್ತವೆ, ಸಂಕೇತದ ಬಲಕ್ಕೆ ತಕ್ಕಂತೆ ಅಗಲ ಬದಲಾಗುತ್ತದೆ. 40 ಮಿಲಿಸೆಕೆಂಡ್‌ಗಿಂತ ಚಿಕ್ಕದು ಗದ್ದಲ, ಬಿಸಾಡಿ. 40ರಿಂದ 140ರ ತನಕ 0, 140ರಿಂದ 260ರ ತನಕ 1. ಒಂದು ಪಲ್ಸ್ ಆರಂಭದಿಂದ ಮುಂದಿನದರ ಆರಂಭಕ್ಕೆ 1,800 ಮಿಲಿಸೆಕೆಂಡ್ ದಾಟಿದರೆ ಅದು ನಿಮಿಷದ ಗುರುತು. ಆದರೆ ಮಧ್ಯದಲ್ಲಿ ಒಂದು ಪಲ್ಸ್ ತಪ್ಪಿದರೂ ಇದೇ ಅಂತರ ಬರುತ್ತದೆ. ಆದ್ದರಿಂದ ಗುರುತು ಬಂದಾಗ ಬಿಟ್‌ಗಳ ಎಣಿಕೆ ಸರಿಯಾಗಿ 59 ಇದ್ದರೆ ಮಾತ್ರ ಫ್ರೇಮ್ (ಒಂದು ನಿಮಿಷದ ಬಿಟ್‌ಗಳ ಗುಂಪು) ಒಪ್ಪಿಕೊಳ್ಳಿ.

ಬಿಟ್‌ಗಳ ಹಂಚಿಕೆ: 0 ಯಾವಾಗಲೂ 0. 1ರಿಂದ 14 ಹವಾಮಾನ ಮತ್ತು ಎಚ್ಚರಿಕೆಯ ಮಾಹಿತಿ, ಗಡಿಯಾರಕ್ಕೆ ಬೇಡ. 16 ಬೇಸಿಗೆ ಸಮಯ (ಗಡಿಯಾರ ಒಂದು ಗಂಟೆ ಮುಂದಿಡುವುದು) ಬದಲಾಗುವ ಮುನ್ಸೂಚನೆ, 17 ಬೇಸಿಗೆ ಸಮಯ, 18 ಚಳಿಗಾಲದ ಸಮಯ, 19 ಲೀಪ್ ಸೆಕೆಂಡಿನ (ಎಂದಾದರೊಮ್ಮೆ ಹೆಚ್ಚುವರಿಯಾಗಿ ಸೇರಿಸುವ ಸೆಕೆಂಡ್) ಮುನ್ಸೂಚನೆ. 20 ಯಾವಾಗಲೂ 1. 21–27 ನಿಮಿಷ, 28 ಅದರ ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್). 29–34 ಗಂಟೆ, 35 ಪ್ಯಾರಿಟಿ. 36–41 ದಿನ, 42–44 ವಾರ (ಸೋಮವಾರ 1), 45–49 ತಿಂಗಳು, 50–57 ವರ್ಷದ ಕೊನೆಯ ಎರಡಂಕಿ, 58 ಇವೆಲ್ಲಕ್ಕೂ ಸೇರಿ ಪ್ಯಾರಿಟಿ. ಎಲ್ಲ ಬಿಸಿಡಿ (ಪ್ರತಿ ದಶಮಾಂಶ ಅಂಕಿಗೆ ಬೇರೆ ಬಿಟ್‌ಗಳು), ಚಿಕ್ಕ ಬೆಲೆಯ ಬಿಟ್ ಮೊದಲು: 1, 2, 4, 8, 10, 20, 40, 80. ಪ್ಯಾರಿಟಿ ಸಮ, ಅಂದರೆ ಪ್ಯಾರಿಟಿ ಬಿಟ್ ಸೇರಿ ಗುಂಪಿನ 1ಗಳ ಎಣಿಕೆ ಸಮಸಂಖ್ಯೆ.

ಕೋಡ್ ಪರೀಕ್ಷಿಸಲು ಒಂದು ಲೆಕ್ಕ ಮಾಡಿಟ್ಟ ಫ್ರೇಮ್, 2024ರ ರಾಜ್ಯೋತ್ಸವದ ದಿನ, ನವೆಂಬರ್ 1, ಶುಕ್ರವಾರ, 17:46:

ನಿಮಿಷ 0110001, ಪ್ಯಾರಿಟಿ 1
ಗಂಟೆ 111010, ಪ್ಯಾರಿಟಿ 0
ದಿನ 100000, ವಾರ 101, ತಿಂಗಳು 10001, ವರ್ಷ 00100100, ಪ್ಯಾರಿಟಿ 1
ಬಿಟ್ 17 = 0, ಬಿಟ್ 18 = 1

ಈ ಫ್ರೇಮ್ ಪ್ರಸಾರವಾಗುವುದು 17:45ರ ನಿಮಿಷದಲ್ಲಿ. ಕೋಡ್ ಹೇಳುವುದು ಮುಂದಿನ ನಿಮಿಷದ ಸಮಯ, ಹೊಸ ನಿಮಿಷದ ಮೊದಲ ಇಳಿತ ಬಂದಾಗ ಅದು ನಿಜವಾಗುತ್ತದೆ. ಸರಿಯಾಗಿ ಒಂದು ನಿಮಿಷ ಹಿಂದೆ ಅಥವಾ ಮುಂದೆ ಓಡುವ ಗಡಿಯಾರಗಳ ಕಾರಣ ಇದೇ.

#9 ಟ್ವೆಂಟೆ ತಂತಿ

ಮೂರು ಪ್ಯಾರಿಟಿ ಬಿಟ್ ನಂಬಿ ಕೂರಬೇಡಿ. ಒಂದೇ ಗುಂಪಿನಲ್ಲಿ ಎರಡು ಬಿಟ್ ತಪ್ಪಿದರೆ ಪ್ಯಾರಿಟಿ ಸರಿ ಎನ್ನುತ್ತದೆ. ಬಿಟ್ 0, 20 ನೋಡಿ, 17 ಮತ್ತು 18 ಒಂದಕ್ಕೊಂದು ವಿರುದ್ಧ ಇವೆಯೇ ನೋಡಿ, ಬಿಸಿಡಿ ಅಂಕಿ 9 ದಾಟಿಲ್ಲವೇ ನೋಡಿ, ದಿನಾಂಕದಿಂದ ವಾರವನ್ನು ಲೆಕ್ಕ ಹಾಕಿ ಬಂದ ವಾರದೊಂದಿಗೆ ಹೋಲಿಸಿ. ಎಲ್ಲಕ್ಕಿಂತ ಬಲವಾದ ಪರೀಕ್ಷೆ: ಸತತ ಎರಡು ಫ್ರೇಮ್‌ಗಳ ನಡುವೆ ಒಂದೇ ನಿಮಿಷದ ವ್ಯತ್ಯಾಸ ಇರಬೇಕು. ನನ್ನ ಅಭಿಪ್ರಾಯದಲ್ಲಿ ಮೂರು ಫ್ರೇಮ್ ಹೊಂದುವ ತನಕ ಗಡಿಯಾರದ ಮುಳ್ಳು ಮುಟ್ಟಲೇಬಾರದು.

ಇನ್ನು ಅಗಲದ ಮಿತಿಯ ವಿಧಾನಕ್ಕೆ ನನ್ನ ತಕರಾರಿದೆ. ಒಳ್ಳೆಯ ಸಂಕೇತಕ್ಕೆ ಅದು ಸಾಕು, ಗದ್ದಲ ಇರುವ ಮನೆಯಲ್ಲಿ ಅದು ಎಂದೂ 59 ಬಿಟ್ ಸರಿಯಾಗಿ ಕೊಡದು. ಅಂಚುಗಳನ್ನು ಹಿಡಿಯುವುದು ಬಿಟ್ಟು 10 ಮಿಲಿಸೆಕೆಂಡಿಗೊಮ್ಮೆ ಪಿನ್ ಓದಿ, ಸೆಕೆಂಡಿಗೆ 100 ಖಾನೆ ಮಾಡಿ, ಪ್ರತಿ ಸೆಕೆಂಡಿನ ಓದನ್ನೂ ಅದೇ ಖಾನೆಗಳಿಗೆ ಕೂಡಿಸುತ್ತ ಹೋಗಿ. ಗದ್ದಲ ಎಲ್ಲ ಖಾನೆಗಳಿಗೂ ಹಂಚಿಹೋಗುತ್ತದೆ, ಸೆಕೆಂಡಿನ ಆರಂಭದ 10 ಖಾನೆಗಳು ಮಾತ್ರ ಎದ್ದು ನಿಲ್ಲುತ್ತವೆ. ಆರಂಭ ಎಲ್ಲಿ ಎಂದು ಗೊತ್ತಾದ ಮೇಲೆ 0 ಅಥವಾ 1 ನಿರ್ಧರಿಸಲು 10ರಿಂದ 19ರ ಖಾನೆಗಳ ಬಹುಮತ ಸಾಕು. ಪಲ್ಸ್ ಮಧ್ಯೆ ತುಂಡಾಗಿದ್ದರೂ ಉತ್ತರ ಸಿಗುತ್ತದೆ.

#10 ಬಿಟ್20

ಒಪ್ಪುತ್ತೇನೆ, ಆದರೆ ಇದಕ್ಕೆ ಕ್ರಿಸ್ಟಲ್ ಇರುವ ಬೋರ್ಡ್ ಬೇಕು ಎನ್ನುವುದನ್ನು ಬಿಡಬೇಡಿ. ಊನೋದ ಎಟಿಮೆಗಾಗೆ ಇರುವುದು ಸೆರಾಮಿಕ್ ರೆಸೊನೇಟರ್. ಅದು 0.1% ತಪ್ಪಿದರೂ ಸೆಕೆಂಡಿಗೆ 1 ಮಿಲಿಸೆಕೆಂಡ್, ಹತ್ತೇ ಸೆಕೆಂಡಿನಲ್ಲಿ ಒಂದು ಖಾನೆ ಸರಿದು ಎಲ್ಲ ಕಲಸಿಹೋಗುತ್ತದೆ. 50 ಪಿಪಿಎಂ (ಹತ್ತು ಲಕ್ಷಕ್ಕೆ 50ರಷ್ಟು ತಪ್ಪು) ಕ್ರಿಸ್ಟಲ್ ಆದರೆ ಒಂದು ಖಾನೆ ಸರಿಯಲು 200 ಸೆಕೆಂಡ್. ಅಷ್ಟರಲ್ಲಿ ಆರಂಭವನ್ನು ಹಿಂಬಾಲಿಸಿ ತಿದ್ದಿಕೊಳ್ಳಬಹುದು.

ಲೀಪ್ ಸೆಕೆಂಡ್ ಕೋಡನ್ನೂ ಪರೀಕ್ಷಿಸಿ. ಆಗ 59ನೇ ಸೆಕೆಂಡಿನಲ್ಲಿ 100 ಮಿಲಿಸೆಕೆಂಡ್ ಇಳಿತ ಬರುತ್ತದೆ, 60ನೆಯದರಲ್ಲಿ ಬರುವುದಿಲ್ಲ. ಎಣಿಕೆ 60 ಆಗುತ್ತದೆ, 59 ಮಾತ್ರ ಒಪ್ಪುವ ಕೋಡ್ ಫ್ರೇಮ್ ಬಿಸಾಡುತ್ತದೆ. ಬಿಟ್ 19 ಬಂದಿದ್ದರೆ ಮಾತ್ರ 60 ಒಪ್ಪಿ. ಕೊನೆಯ ಲೀಪ್ ಸೆಕೆಂಡ್ ಬಂದದ್ದು 2016ರ ಡಿಸೆಂಬರ್ 31ರ ಕೊನೆಗೆ, ಜರ್ಮನಿಯ ಗಡಿಯಾರದಲ್ಲಿ 2017ರ ಜನವರಿ 1ರ 00:59:60. ಆಮೇಲೆ ಬರೆದ ಯಾವ ಕೋಡೂ ಆಕಾಶದಿಂದ ಬಂದ ನಿಜವಾದ ಲೀಪ್ ಸೆಕೆಂಡನ್ನು ಕಂಡಿಲ್ಲ.

#11 ಎಸ್‌ಪಿ ರೋಡ್

ಬೆಂಗಳೂರಿನಲ್ಲಿ ಇದು ಸಿಗುತ್ತದೆಯೇ? ಮಾಡ್ಯೂಲ್ ತರಿಸುವ ಮುನ್ನ ತಿಳಿಯಬೇಕಿತ್ತು. ರೇಡಿಯೋ ಸಂಕೇತದಿಂದ ತಾನೇ ಸಮಯ ಹೊಂದಿಸಿಕೊಳ್ಳುವ ಒಂದು ಕ್ಯಾಸಿಯೋ ಮಲ್ಟಿಬ್ಯಾಂಡ್ 6 ವಾಚ್ ಕೂಡ ಇದೆ, ಅದೂ ಇಲ್ಲಿ ಏನನ್ನೂ ಹಿಡಿಯುವುದಿಲ್ಲ.

#12 ಟ್ವೆಂಟೆ ತಂತಿ

ಮಾಡ್ಯೂಲ್ ತರಿಸಬೇಡಿ. ಡಿಸಿಎಫ್77ರ ವ್ಯಾಪ್ತಿ ಸುಮಾರು 2,000 ಕಿ.ಮೀ., ಬೆಂಗಳೂರು 7,000 ಕಿ.ಮೀ. ಆಚೆ. ಭಾರತದಲ್ಲಿ ಲಾಂಗ್‌ವೇವ್ ಸಮಯ ಪ್ರಸಾರ ಇಲ್ಲ. ವಾಚ್ ಹಿಡಿಯುವ ಆರೂ ಸಂಕೇತಗಳು ಜಪಾನ್ (ಎರಡು), ಚೀನಾ, ಅಮೆರಿಕ, ಬ್ರಿಟನ್, ಜರ್ಮನಿಯವು.

ಡಿಕೋಡಿಂಗ್ ಕಲಿಯಬೇಕಾದರೆ ದಾರಿ ಇದೆ. ನೆದರ್‌ಲ್ಯಾಂಡ್ಸ್‌ನ ಎನ್‌ಷೆಡೆಯ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್ ಎಸ್‌ಡಿಆರ್ (ಬ್ರೌಸರ್‌ನಲ್ಲೇ ಕೇಳಬಹುದಾದ ರೇಡಿಯೋ ರಿಸೀವರ್) ತೆರೆದು ಯುಎಸ್‌ಬಿ (ಅಪ್ಪರ್ ಸೈಡ್‌ಬ್ಯಾಂಡ್) ಮೋಡ್‌ನಲ್ಲಿ 76.5 ಕಿಲೋಹರ್ಟ್ಸ್‌ಗೆ ಟ್ಯೂನ್ ಮಾಡಿ. 1 ಕಿಲೋಹರ್ಟ್ಸ್ ಸ್ವರ ಕೇಳುತ್ತದೆ, ಸೆಕೆಂಡಿಗೊಮ್ಮೆ ಕುಗ್ಗುತ್ತದೆ. ಆಟೋಮ್ಯಾಟಿಕ್ ಗೇನ್ ಆಫ್ ಮಾಡಿ, ಇಲ್ಲವಾದರೆ 16 ಡೆಸಿಬೆಲ್‌ನ ಆ ಇಳಿತವನ್ನು ಅದೇ ತುಂಬಿಬಿಡುತ್ತದೆ. ಧ್ವನಿಯನ್ನು 48 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ 480 ಸ್ಯಾಂಪಲ್‌ಗಳ ತುಂಡು ಮಾಡಿ. ಒಂದು ತುಂಡು 10 ಮಿಲಿಸೆಕೆಂಡ್, ಅದರಲ್ಲಿ ಸ್ವರದ ಪೂರ್ತಿ 10 ಆವರ್ತ. ಗೋರ್ಟ್‌ಸೆಲ್ (ಒಂದೇ ಸ್ವರದ ಬಲ ಅಳೆಯುವ ವಿಧಾನ) ಲೆಕ್ಕ ಹಾಕಿದರೆ ಆಂಪ್ಲಿಟ್ಯೂಡ್ ಸಿಗುತ್ತದೆ, ಮುಂದಿನದು #9ರಲ್ಲಿ ಹೇಳಿದ ಖಾನೆಗಳ ದಾರಿಯೇ. ಇಂಟರ್ನೆಟ್ ವಿಳಂಬ ಸೇರುವುದರಿಂದ ಗಡಿಯಾರ ಹೊಂದಿಸಲು ಇದು ಆಗದು, ಕಲಿಯಲು ಧಾರಾಳ.

#13 ಫೆರೈಟ್ ಕಡ್ಡಿ

ವಾಚ್‌ಗೆ ಮೇಜಿನ ಮೇಲೆಯೇ ಪುಟ್ಟ ಪ್ರಸಾರ ಮಾಡಿಕೊಳ್ಳಬಹುದು. 5 ಸೆಂ.ಮೀ. ವ್ಯಾಸದ 20 ಸುತ್ತು ತಂತಿ, 1 ಕಿಲೋಓಮ್ ಮೂಲಕ ಮೈಕ್ರೋಕಂಟ್ರೋಲರ್ ಪಿನ್‌ಗೆ. ಸಿಗಬೇಕಾದ ದೂರ ಕೆಲವೇ ಸೆಂಟಿಮೀಟರ್. ಅದಕ್ಕಿಂತ ದೊಡ್ಡದು ಮಾಡಬೇಡಿ, ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ತಪ್ಪು.

ಯಾವ ನಿಲ್ದಾಣವನ್ನು ಅನುಕರಿಸಬೇಕು ಎನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. 16 ಮೆಗಾಹರ್ಟ್ಸ್‌ನಿಂದ 77.5 ಕಿಲೋಹರ್ಟ್ಸ್ ತೆಗೆಯಲು 206.45ರಿಂದ ಭಾಗಿಸಬೇಕು. 206 ಹಾಕಿದರೆ 77.67 ಬರುತ್ತದೆ, 170 ಹರ್ಟ್ಸ್ ತಪ್ಪು, ವಾಚ್‌ನ ಕ್ರಿಸ್ಟಲ್ ಫಿಲ್ಟರ್ ಅದನ್ನು ಒಳಗೇ ಬಿಡುವುದಿಲ್ಲ. ಮಾಡಲೇಬೇಕಾದರೆ ಪ್ರತಿ 31 ಆವರ್ತದಲ್ಲಿ 17ಕ್ಕೆ 206, 14ಕ್ಕೆ 207 ಹಾಕಿ, ಒಟ್ಟು ಸರಿಯಾಗಿ 6,400 ಕ್ಲಾಕ್. ಅದಕ್ಕಿಂತ ಸುಲಭ ಜಪಾನಿನ ಜೆಜೆವೈ: 40 ಕಿಲೋಹರ್ಟ್ಸ್, ಭಾಜಕ 400, ಶೇಷ ಇಲ್ಲ. ಇಲ್ಲೂ ಊನೋದ ರೆಸೊನೇಟರ್ ಬೇಡ, 0.1% ಎಂದರೆ 40 ಹರ್ಟ್ಸ್ ತಪ್ಪು. ಕ್ರಿಸ್ಟಲ್ ಬೋರ್ಡೇ ಬೇಕು.

ಜೆಜೆವೈ ಕ್ರಮ ಡಿಸಿಎಫ್77ಗೆ ತಿರುಗುಮುರುಗು: ಸೆಕೆಂಡಿನ ಆರಂಭಕ್ಕೆ ಪೂರ್ಣ ಬಲ, 0.8 ಸೆಕೆಂಡ್ ಇದ್ದರೆ 0, 0.5 ಇದ್ದರೆ 1, 0.2 ಇದ್ದರೆ ಗುರುತು. ಉಳಿದ ಹೊತ್ತು 10%ಕ್ಕೆ ಇಳಿಯಬೇಕು, ಇಷ್ಟು ಹತ್ತಿರದಲ್ಲಿ ಪೂರ್ತಿ ಆಫ್ ಮಾಡಿದರೂ ನಡೆಯುತ್ತದೆ. ಗುರುತುಗಳು 0, 9, 19, 29, 39, 49, 59ನೇ ಸೆಕೆಂಡಿನಲ್ಲಿ. ತಿಂಗಳು ಮತ್ತು ದಿನ ಇಲ್ಲ, ವರ್ಷದ ಎಷ್ಟನೇ ದಿನ ಎಂಬುದು ಇರುತ್ತದೆ.

#14 ಎಸ್‌ಪಿ ರೋಡ್

ವಾಚ್‌ನಲ್ಲಿ ಹೋಮ್ ಸಿಟಿ ದೆಹಲಿ ಇಟ್ಟರೆ ಸಂಕೇತ ಹುಡುಕುವುದೇ ಇಲ್ಲ. ಟೋಕಿಯೋ ಇಟ್ಟು ಭಾರತದ ಸಮಯ ಕಳಿಸಬಹುದೇ?

#15 ಫೆರೈಟ್ ಕಡ್ಡಿ

ಆಗುತ್ತದೆ, ಎರಡು ಆಯ್ಕೆ ಇದೆ. ಹೋಮ್ ಸಿಟಿ ಟೋಕಿಯೋ ಇಟ್ಟು ಭಾರತೀಯ ಸಮಯವನ್ನೇ ಕಳಿಸಿದರೆ ಮುಖ್ಯ ಮುಳ್ಳು ಸರಿ ತೋರಿಸುತ್ತದೆ, ಆದರೆ ವರ್ಲ್ಡ್ ಟೈಮ್‌ನ ಎಲ್ಲ ಊರುಗಳೂ ಮೂರೂವರೆ ಗಂಟೆ ಹಿಂದೆ ಬೀಳುತ್ತವೆ. ನಿಜವಾದ ಜಪಾನ್ ಸಮಯ ಕಳಿಸಿ, ಹೊಂದಿಸಿದ ಮೇಲೆ ಹೋಮ್ ಸಿಟಿಯನ್ನು ದೆಹಲಿಗೆ ಬದಲಿಸಿದರೆ ಎಲ್ಲವೂ ಸರಿ ಇರುತ್ತದೆ, ಆದರೆ ಮುಂದಿನ ಸಲ ಹೊಂದಿಸುವಾಗ ಮತ್ತೆ ಟೋಕಿಯೋ ಮಾಡಬೇಕು. ನಾನಾದರೆ ಎರಡನೆಯದನ್ನೇ ಹೇಳುವೆ. ಕಳಿಸುವ ಸಮಯವನ್ನು ಎನ್‌ಟಿಪಿಯಿಂದ (ಇಂಟರ್ನೆಟ್‌ನಲ್ಲಿ ಯುಟಿಸಿ ಸಮಯ ಕೊಡುವ ವ್ಯವಸ್ಥೆ) ತೆಗೆದುಕೊಂಡು 9 ಗಂಟೆ ಕೂಡಿಸಿ, ದಿನ ಬದಲಾಗುವುದನ್ನು ಮರೆಯಬೇಡಿ: ಇಲ್ಲಿ ರಾತ್ರಿ 8:30 ದಾಟಿದರೆ ಟೋಕಿಯೋದಲ್ಲಿ ಮರುದಿನ. ವಾಚನ್ನು ಸುರುಳಿಯ ಮಧ್ಯೆ ಇಟ್ಟು ಕೈಯಿಂದ ರಿಸೀವ್ ಒತ್ತಿ, ಮುಗಿಯುವ ತನಕ ಅಲುಗಾಡಿಸಬೇಡಿ. ಹಿಡಿಯದಿದ್ದರೆ ಸುರುಳಿಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಮತ್ತೆ ಒತ್ತಿ, ವಾಚ್‌ನೊಳಗಿನ ಕಡ್ಡಿ ಯಾವ ದಿಕ್ಕಿಗಿದೆ ಎನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ.